ಆ ಮೇಲ್‌ನಾಗ 'ಫಾಲ್ಟ್' ಅಂತ ಬರೀಬಾರ್ದಿತ್ತು

ಹೋದ ರವಿವಾರ ಧಾರವಾಡದಾಗ ಓದು ಬರಹದ ಹುಚ್ಚಿರೋ ಒಂದಿಷ್ಟು ಮಂದಿ ಮುಂದ ನಾನು ಆಡಿದ ಮಾತು ಇದು. ಅವತ್ತು ಬರಾಕಾಗದವರು ಬರದ ಹಾಕ್ರಿ ಅಕ್ಕೋರ ಅಂತ ಕೇಳಿದ್ರು, ಅದಕ್ಕ ನೆನಪಿದ್ದಷ್ಟು ಕೂಡಿಸಿ ಬರ್ಯಾಕತ್ತೀನಿ, ಮಾತಾಡಿದ ಹಂಗ ಇರಲಿ ಅಂತ ಭಾಷಾ ಏನೂ ಬದಲಿ ಮಾಡಿಲ್ಲ.

ಎಲ್ಲಾರಿಗೂ ನಮಸ್ಕಾರ್ರಿ. ನಾನು ಗದಗ ಜಿಲ್ಲಾದಾಗ ಸರಕಾರಿ ಹೈಸ್ಕೂಲಿನ್ಯಾಗ 29 ವರ್ಷ ಇಂಗ್ಲಿಷ್ ಕಲಿಸಿದಾಕಿ. ಇವತ್ತು ಹೇಳೂದು ಬರೇ ಐದಾರು ಶಬ್ದದ ಸುದ್ದಿ. ಎರರ್, ಮಿಸ್ಟೇಕ್, ಫಾಲ್ಟ್, ಸ್ಲಿಪ್, ಡಿಫೆಕ್ಟ್, ಫೇಲ್ಯೂರ್. ಸಾಲಿ ಹುಡುಗೂರು ಇಟ್ಕೊಳ್ಳೋ ಸಣ್ಣ ಡಿಕ್ಷನರ್ಯಾಗ ಇವಕ್ಕ ಹೆಚ್ಚುಕಮ್ಮಿ ಒಂದ ಅರ್ಥ ಬರದಿರ್ತಾರ, ತಪ್ಪು ಅಂತ. ಹುಡುಗೂರು ಅದನ್ನ ಬಾಯಿಪಾಠ ಮಾಡ್ತಾರ, ನಾನೂ ಮಾಡಿಸೀನಿ, ಪರೀಕ್ಷಾದಾಗ ಮಾರ್ಕ್ಸೂ ಬರ್ತಾವ. ಆದ್ರ ನೌಕರಿ ಜಾಗಾದಾಗ ಅವು ಒಂದ ಅಲ್ಲ ಅನ್ನೂದು ನಮ್ಮ ಮನ್ಯಾಗ ರೊಕ್ಕಾ ಕಳಕೊಂಡ ಮ್ಯಾಲ ನನಗ ಗೊತ್ತಾತು.

ನಮ್ಮ ಅಕ್ಕನ ಮಗ ಐಟಿಐ ಮುಗಿಸಿ ಹುಬ್ಬಳ್ಳಿ ಕಡೆ ಒಂದು ವರ್ಕ್‌ಶಾಪ್‌ನಾಗ ಸಿಎನ್‌ಸಿ ಲೇತ್, ಅಂದ್ರ ಕಂಪ್ಯೂಟರ್ ನಡಸೋ ಲೋಹ ಕಡಿಯೋ ಮಷಿನ್ ಮ್ಯಾಲ ಕೆಲಸಾ ಮಾಡ್ತಾನ. ಹೋದ ವರ್ಷ 200 ಬುಶ್ ಮಾಡಿಕೊಡ್ರಿ ಅಂತ ಆರ್ಡರ್ ಬಂತು. ಬುಶ್ ಅಂದ್ರ ಶಾಫ್ಟ್ ಅನ್ನೋ ತಿರಗೋ ಸರಳಿನ ಸುತ್ತ ಕೂಡೋ ಕೊಳವಿಯಂಥಾ ತುಣುಕು. ಬುಶ್‌ನ ಒಳಗಿನ ಅಳತಿ 35.6 ಮಿಲಿಮೀಟರ್ ಇರಬೇಕಾಗಿತ್ತು, ಡ್ರಾಯಿಂಗ್‌ನಾಗ 36.5 ಅಂತ ಬಿದ್ದಿತ್ತು, ಯಾರೋ ಟೈಪ್ ಮಾಡೋವಾಗ ಅಂಕಿ ಹಿಂದ ಮುಂದ ಆಗಿತ್ತು ಅಷ್ಟ. ಇಂವ ಡ್ರಾಯಿಂಗ್ ಇಟ್ಕೊಂಡ, ಅದರಾಗ ಇದ್ದಂಗ ಕಡದ, 200ಕ್ಕ 200. ಗಿರಾಕಿ ಕಡೆ ಹೋದ ಮ್ಯಾಲ ಶಾಫ್ಟ್ ಒಳಗ ಗಡಗಡ ಅಲ್ಲಾಡಾಕ ಹತ್ತಿದ್ವು, ಎಲ್ಲಾ ವಾಪಸ್ ಬಂದ್ವು, ಗುಜರಿಗೆ ಹೋದ್ವು. ಏನಾತು ಅಂತ ಮೇಲ್ ಬರದ ಕಳಸು ಅಂದ್ರು. ಹುಡುಗ ಮರ್ಯಾದಿಯಿಂದ ಬೆಳದಂವ, ದೊಡ್ಡವರ ಮುಂದ ವಾದಾ ಹಾಕಬಾರದು ಅಂತ "ಇಟ್ ಈಸ್ ಮೈ ಫಾಲ್ಟ್, ಸಾರಿ ಸರ್" ಅಂತ ಬರದ. ಅವನ ಮನಸಿನ್ಯಾಗ ಇದ್ದದ್ದು "ತಪ್ಪಾಗೇತ್ರಿ" ಅನ್ನೂದು. ಮೂರು ತಿಂಗಳ ಪಗಾರದಾಗ ಕಟ್ ಮಾಡಿದ್ರು, ಕೇಳಾಕ ಹೋದ್ರ ನೀನ ಬರದು ಕೊಟ್ಟೀಯಲ್ಲ ಅಂದ್ರು. ನನ್ನ ಮುಂದ ಬಂದು ಕುಂತು, ಚಿಗವ್ವಾ, ಮಿಸ್ಟೇಕ್ ಅಂದ್ರೂ ಫಾಲ್ಟ್ ಅಂದ್ರೂ ಒಂದ ಅಲ್ಲೇನು, ನೀನ ಕಲಿಸಿದ್ದಿ ಅಂದ. ಅವತ್ತು ರಾತ್ರಿ ನನಗ ನಿದ್ದಿ ಬರಲಿಲ್ಲ.

ಮದಲ ನಮ್ಮ ಶಬ್ದದಿಂದನ ಶುರು ಮಾಡೋಣ. ತಪ್ಪು ಅನ್ನೋ ಮಾತಿನ್ಯಾಗ ಪಾಪ ಇಲ್ಲ, ಶಿಕ್ಷೆ ಇಲ್ಲ, ಬಸ್ ತಪ್ಪತೈತಿ, ದಾರಿ ತಪ್ಪತೈತಿ, ಎಣಿಕಿ ತಪ್ಪತೈತಿ, ಕೈ ತಪ್ಪಿ ಲೋಟ ಬೀಳತೈತಿ. ಇರಬೇಕಾದ ಜಾಗಾದಿಂದ ಜಾರಿದ್ದು, ಸಿಗಬೇಕಾದ್ದು ಸಿಗದ ಹೋದದ್ದು, ಅಷ್ಟ. ಈಗ ಇಂಗ್ಲಿಷ್‌ನ ಎರರ್ ನೋಡ್ರಿ, ಅದು ಲ್ಯಾಟಿನ್ ಭಾಷಾದ 'ಎರಾರೆ' ಅನ್ನೋ ಕ್ರಿಯಾಪದದಿಂದ ಬಂದದ್ದು, ಅದರ ಅರ್ಥ ಅಲಿಯೂದು, ದಾರಿ ಬಿಟ್ಟು ಹೋಗೂದು. ಅಂದ್ರ ಅಪ್ಪಟ ನಮ್ಮ ದಾರಿ ತಪ್ಪೂದು! ಇದನ್ನ ಮದಲನೇ ಸಲ ಓದಿದಾಗ ನನಗ ಆದ ಖುಷಿ ಹೇಳಾಕಾಗೂದಿಲ್ಲ, ಎಲ್ಲಿಯ ರೋಮ್, ಎಲ್ಲಿಯ ನರಗುಂದ, ಆದ್ರ ತಪ್ಪು ಅಂದ ಕೂಡಲೇ ಇಬ್ಬರ ಕಣ್ಣಿಗೂ ಕಂಡದ್ದು ಒಂದ ಚಿತ್ರ, ದಾರಿ ಬಿಟ್ಟು ನಡಿಯೋ ಮನಶ್ಯಾ.

ಮಿಸ್ಟೇಕ್ ಲ್ಯಾಟಿನ್ ಅಲ್ಲ, ಉತ್ತರ ಯೂರೋಪಿನ ಹಳೇ ನಾರ್ಸ್ ಭಾಷಾದ್ದು, 'ಮಿಸ್ಟಾಕಾ' ಅಂತ, ತಪ್ಪಿ ತಗೊಳ್ಳೂದು ಅನ್ನೋ ಅರ್ಥ. ಒಂದನ್ನ ಇನ್ನೊಂದು ಅಂತ ತಗೊಂಡ್ರ ಮಿಸ್ಟೇಕ್. ಸಂಜಿ ಮಬ್ಬಿನ್ಯಾಗ ಬಸ್‌ಸ್ಟ್ಯಾಂಡಿನ್ಯಾಗ ಯಾರನ್ನೋ ನೋಡಿ ಕಾಕಾರ ಅಂತ ಕರದು, ತಿರಿಗಿ ನೋಡಿದ್ರ ಬ್ಯಾರೆ ಯಾರೋ, ಆಗ ನಾವು ಏನಂತೀವಿ? ತಪ್ಪ ತಿಳ್ಕೋಬ್ಯಾಡ್ರಿ, ನಾ ತಪ್ಪ ತಿಳಕೊಂಡಿದ್ದೆ ಅಂತೀವಿ. ಆ ತಪ್ಪ ತಿಳಕೊಳ್ಳೂದೈತಲ್ಲ, ಅದ ಮಿಸ್ಟೇಕ್‌ನ ಬೇರು. ಅದಕ್ಕ ಮಿಸ್ಟೇಕ್ ಆಗಬೇಕಾದ್ರ ತಿಳಕೊಳ್ಳೋ ಒಬ್ಬ ಮನಶ್ಯಾ ಬೇಕ ಬೇಕು. ಎರರ್‌ಗೆ ಹಂಗ ಬೇಕಂತಿಲ್ಲ, ಮನಶ್ಯಾ ಇಲ್ಲದನೂ ಎರರ್ ಇರತೈತಿ. ಕಂಪ್ಯೂಟರ್ ಪರದೆ ಮ್ಯಾಲ ಸರ್ವರ್ ಎರರ್ ಅಂತ ಬರತೈತಿ, ಸರ್ವರ್ ಮಿಸ್ಟೇಕ್ ಅಂತ ಎಂದರ ನೋಡೀರೇನು? ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲ ಒಂದ ಕಾಟಾ ಮ್ಯಾಲ ಮೂರು ಸಲ ಇಟ್ರ ಮೂರು ಸಲಾನೂ ಗ್ರಾಂ ಲೆಕ್ಕದಾಗ ಚೂರು ಹೆಚ್ಚು ಕಮ್ಮಿ ತೋರಸಬಹುದು, ಅದು ಯಾರ ಮೋಸನೂ ಅಲ್ಲ, ಯಾರ ಹಳಹಳಿನೂ ಬೇಕಾಗಿಲ್ಲ, ಅಳತಿ ಅಂದ ಮ್ಯಾಲ ಅದು ಇರೂದ. ಜರ್ಮನಿಯ ಗಣಿತಜ್ಞ ಗಾಸ್ 1809ರಾಗ ಗ್ರಹಗಳ ದಾರಿ ಲೆಕ್ಕಾ ಹಾಕೋವಾಗ, ಆಕಾಶ ನೋಡಿ ಬರಕೊಂಡ ಅಂಕಿಗಳಾಗಿನ ಇಂಥಾ ಎರರ್‌ಗಳನ್ನ ಹೆಂಗ ಸಂಭಾಳಿಸಬೇಕು ಅಂತ ದಾರಿ ತೋರಿಸಿದ, ಅವುಗಳನ್ನ ಬೈಯಲಿಲ್ಲ, ಅಳದ.

ಇನ್ನು ನನ್ನ ಕಸುಬಿಗೆ ಬರ್ತೀನಿ, ಇದರ ಬಗ್ಗೆ ಸ್ವಲ್ಪ ಹೊತ್ತು ಹೇಳಬೇಕು. 1967ರಾಗ ಪಿಟ್ ಕಾರ್ಡರ್ ಅನ್ನೋ ಬ್ರಿಟಿಷ್ ಭಾಷಾತಜ್ಞರು ಭಾಷಾ ಕಲಿಯೋರ ತಪ್ಪಿನ ಬಗ್ಗೆ ಒಂದು ಲೇಖನ ಬರದ್ರು. ಅದರಾಗ ಅವರು ಎರರ್ ಬ್ಯಾರೆ, ಮಿಸ್ಟೇಕ್ ಬ್ಯಾರೆ ಅಂತ ಗೆರಿ ಎಳದ್ರು. ಕಲಿಯೋ ಹುಡುಗಗ ನಿಯಮ ಗೊತ್ತೈತಿ, ಅವಸರಕ್ಕೋ ದಣಿವಿಗೋ ಒಂದ್ ಸಲ ಎಡವಿದ, ನೀವು ಬೊಟ್ಟು ಮಾಡಿದ ಕೂಡಲೇ ತಾನ ತಿದ್ದಿಕೊಂಡ, ಅದು ಮಿಸ್ಟೇಕ್. ನಿಯಮನ ಅವನ ತಲ್ಯಾಗ ಬ್ಯಾರೆ ತರ ಕುಂತೈತಿ, ಹತ್ತು ಸಲ ಕೇಳಿದ್ರ ಹತ್ತು ಸಲಾನೂ ಹಂಗ ಹೇಳ್ತಾನ, ಅದು ಎರರ್. ಕಾರ್ಡರ್ ಹೇಳಿದ ದೊಡ್ಡ ಮಾತು ಏನಂದ್ರ ಈ ಎರರ್ ಅನ್ನೂದು ಹುಡುಗನ ಸೋಮಾರಿತನ ಅಲ್ಲ, ಅಂವ ಒಳಗೊಳಗ ಒಂದು ವ್ಯಾಕರಣ ಕಟ್ಟಾಕತ್ತಾನ ಅನ್ನೋದಕ್ಕ ಪುರಾವೆ.

ನಮ್ಮ ಹುಡುಗೂರು "ಯಸ್ಟರ್‌ಡೇ ಓನ್ಲಿ ಐ ಕೇಮ್" ಅಂತಾರ. ಇಂಗ್ಲಿಷಿನವರು ಕೇಳಿದ್ರ ನಿನ್ನೆ ಒಂದ ದಿನ ಬಂದಿದ್ದ ಅಂತ ತಿಳಕೊಂಡಾರು. ಹುಡುಗ ಹೇಳಾಕತ್ತಿದ್ದು ಏನು? "ನಿನ್ನೇನ ಬಂದೇನ್ರಿ" ಅಂತ. ಆ ಕಡೀ ನಕಾರ ಐತಲ್ಲ, ಮಾತಿಗೆ ಒತ್ತು ಕೊಡೋದು, ಅದಕ್ಕ ಇಂಗ್ಲಿಷ್‌ನಾಗ ಬಟ್ಟಿ ಹೊಲಿಬೇಕಾದಾಗ ಹುಡುಗಗ ಕೈಗೆ ಸಿಕ್ಕದ್ದು ಓನ್ಲಿ. ಎಷ್ಟು ಬುದ್ಧಿ ಖರ್ಚು ಮಾಡ್ಯಾನ ನೋಡ್ರಿ! ಹಂಗ "ಲೆಟ್ ಅಸ್ ಡಿಸ್ಕಸ್ ಅಬೌಟ್" ಅಂತಾರ, ಯಾಕಂದ್ರ ಕನ್ನಡದಾಗ ಅದರ ಬಗ್ಗೆ ಚರ್ಚಾ ಮಾಡೋಣು ಅಂತೀವಿ, ಬಗ್ಗೆ ಅನ್ನೂದು ಎಲ್ಲಿ ಹೋಗಬೇಕು? ನಾನು ಮದಲಿನ ಹತ್ತು ವರ್ಷ ಇಂಥಾವಕ್ಕೆಲ್ಲಾ ಕೆಂಪು ಗೋಲ ಹಾಕಿ ಹಂಗ ಬಿಟ್ಟೀನಿ. ಸ್ಪೆಲ್ಲಿಂಗ್‌ನಾಗ ಒಂದಕ್ಷರ ಬಿಟ್ಟವಗೂ ಕೆಂಪು ಗೋಲ, ತಲ್ಯಾಗ ನಿಯಮ ಬ್ಯಾರೆ ಇರೋವಗೂ ಅದ ಕೆಂಪು ಗೋಲ. ಮದಲನೇದವಗ ಇನ್ನೊಮ್ಮೆ ನೋಡಪಾ ಅಂದ್ರ ಸಾಕಾಗಿತ್ತು, ಎರಡನೇದವಗ ಜೋಡಿ ಕುಂತು ಕನ್ನಡ ಇಂಗ್ಲಿಷ್ ಎರಡೂ ಬೋರ್ಡ್ ಮ್ಯಾಲ ಬರದು ಹೇಳಬೇಕಾಗಿತ್ತು. ಆ ಹುಡುಗೂರು ಈಗ ನಲವತ್ತು ದಾಟ್ಯಾರ, ಅವರು ಸಿಕ್ಕಾಗೆಲ್ಲಾ ನನಗ ಇದು ನೆನಪಾಗತೈತಿ.

ಸ್ಲಿಪ್‌ಗೆ ಬರೋಣು. ಜೇಮ್ಸ್ ರೀಸನ್ ಅನ್ನೋ ಮನಶ್ಶಾಸ್ತ್ರಜ್ಞರು 1990ರಾಗ ಮನಶ್ಯಾರ ತಪ್ಪಿನ ಮ್ಯಾಲ ಒಂದು ಪುಸ್ತಕ ಬರದ್ರು, ಅದರಾಗ ಸ್ಲಿಪ್, ಲ್ಯಾಪ್ಸ್, ಮಿಸ್ಟೇಕ್ ಅಂತ ಬಿಡಿಸ್ಯಾರ, ವಿಮಾನ ನಡಸೋರು, ದವಾಖಾನಿಯವರು ಇವತ್ತಿಗೂ ಇದನ್ನ ಬಳಸ್ತಾರ. ಮಿಸ್ಟೇಕ್ ಅನ್ನೂದಕ್ಕ ಕಾರ್ಡರ್ ಕೊಟ್ಟ ಅರ್ಥ ಬ್ಯಾರೆ, ರೀಸನ್ ಕೊಟ್ಟ ಅರ್ಥ ಬ್ಯಾರೆ, ಅದನ್ನ ನೆನಪಿಡ್ರಿ. ನಾನು ಇದನ್ನ ಅಡಗಿ ಮನಿಗೆ ತಂದು ಹೇಳ್ತೀನಿ. ಚಹಾಕ್ಕ ಸಕ್ಕರಿ ಹಾಕಬೇಕು ಅಂತ ಮನಸಿನ್ಯಾಗ ಸರಿಯಾಗಿ ಐತಿ, ಕೈ ಉಪ್ಪಿನ ಡಬ್ಬಿಗೆ ಹೋತು, ಇದು ಸ್ಲಿಪ್, ನಮ್ಮ ಮಾತಿನ್ಯಾಗ ಕೈತಪ್ಪು. ಹಾಲು ಒಲಿ ಮ್ಯಾಲ ಇಟ್ಟು ಬಾಗಲಾಗ ಯಾರೋ ಬಂದ್ರು ಅಂತ ಹೋಗಿ ಮಾತಿಗೆ ನಿಂತು ಮರತಬಿಟ್ಟೆ, ಉಕ್ಕಿ ಹೋತು, ಇದು ಲ್ಯಾಪ್ಸ್, ಮರವು. ಇನ್ನ ಹೊಸದಾಗಿ ಬಂದ ಸೊಸಿ, ಬ್ಯಾರೆ ಕಡೆಯಿಂದ ಬಂದಾಕಿ, ಗೋದಿ ಹಿಟ್ಟು ನಾದಿದಂಗ ಜ್ವಾಳದ ಹಿಟ್ಟನ್ನೂ ತಣ್ಣೀರಾಗ ನಾದಿ ರೊಟ್ಟಿ ಬಡ್ಯಾಕ ಕುಂತಳು, ರೊಟ್ಟಿ ಬಿರದು ಚೂರಾತು, ಇದು ಮಿಸ್ಟೇಕ್. ಆಕಿ ಕೈ ತಪ್ಪಿಲ್ಲ, ನೆನಪೂ ತಪ್ಪಿಲ್ಲ, ಹಾಕಿಕೊಂಡ ಯೋಜನಾನ ತಪ್ಪು, ಯಾಕಂದ್ರ ಜ್ವಾಳದಾಗ ಗೋದಿಯಂಗ ಜಿಗಿ ಇಲ್ಲ, ಎಸರು ಕುದಿಸಿ ಬಿಸಿ ನೀರಾಗ ಹಿಟ್ಟು ಹಾಕಿದ್ರ ಮಾತ್ರ ಅದು ಹಿಡಕೊಳ್ಳತೈತಿ ಅನ್ನೂದು ಆಕಿಗೆ ಯಾರೂ ಹೇಳಿಲ್ಲ.

ಮೂರಕ್ಕೂ ಔಷಧ ಬ್ಯಾರೆ ಬ್ಯಾರೆ. ಉಪ್ಪಿನ ಡಬ್ಬಿ ಬ್ಯಾರೆ ಕಪಾಟಿನ್ಯಾಗ ಇಡ್ರಿ. ಹಾಲಿಗೆ ಮೊಬೈಲಿನ್ಯಾಗ ಅಲಾರಂ ಇಡ್ರಿ. ಸೊಸಿಗೆ ಬಾಜೂಕ ಕುಂತು ಕಲಿಸ್ರಿ. ಮೂರೂ ಮಂದಿಗೆ ಒಂದ ಸಮ ಬೈದ್ರ ಉಪ್ಪಿನ ಡಬ್ಬಿ ತನ್ನ ಜಾಗಾ ಬಿಟ್ಟು ಸರಿಯೂದಿಲ್ಲ, ರೊಟ್ಟಿನೂ ಬಿರಿಯೂದು ಬಿಡೂದಿಲ್ಲ.

ಈಗ ಫಾಲ್ಟ್, ಇವತ್ತಿನ ಮಾತಿಗೆಲ್ಲಾ ಕಾರಣ ಆದ ಶಬ್ದ. ಇದು ಲ್ಯಾಟಿನ್‌ನ 'ಫಾಲ್ಲೆರೆ' ಅನ್ನೋದರಿಂದ ಫ್ರೆಂಚ್ ದಾಟಿ ಇಂಗ್ಲಿಷ್‌ಗೆ ಬಂತು, ಫೇಲ್ ಅನ್ನೋ ಶಬ್ದಾನೂ ಅದ ಬೇರಿಂದು. ಇಂಗ್ಲಿಷ್‌ನಾಗ ಮದಲ ಇದರಾಗ ಲಕಾರನ ಇರಲಿಲ್ಲ, 'ಫೌಟ್' ಅನ್ನೋ ಹಂಗ ಇತ್ತು, ಲ್ಯಾಟಿನ್ ಮೂಲ ಕಾಣಲಿ ಅಂತ ಓದಿದವರು ಆಮ್ಯಾಲ ಅಕ್ಷರ ಸೇರಿಸಿದ್ರು, ಬಾಯಾಗ ಬರಾಕ ಇನ್ನೂ ತಡಾ ಆತು. ಇನ್ನೊಂದು ನೋಡ್ರಿ, ನಾವು ಲಗ್ನಪತ್ರಿಕಾ ಕೊಟ್ಟು "ತಪ್ಪದ ಬರ್ರಿ" ಅಂತೀವಿ, ಇಂಗ್ಲಿಷ್‌ನಾಗ "ವಿದೌಟ್ ಫೇಲ್" ಅಂತಾರ, ಅಲ್ಲೂ ತಪ್ಪು ಮತ್ತ ಫೇಲ್ ಎದುರುಬದುರು ಕುಂತಾವ.

ಫಾಲ್ಟ್‌ಗೆ ಎರಡು ಮುಖ. ಒಂದು, ವಸ್ತುವಿನ ಒಳಗಿನ ದೋಷ. ಕರೆಂಟ್ ಹೋದಾಗ ಲೈನ್‌ಮನ್ ಬಂದು ಲೈನ್ ಫಾಲ್ಟ್ ಆಗೇತ್ರಿ ಅಂತಾರ, ಭೂಮಿ ಒಳಗಿನ ಬಂಡೆ ಒಡದು ಸರದ ಕಡೆಗೂ ಭೂಗರ್ಭದವರು ಫಾಲ್ಟ್ ಅಂತಾರ, ಇಲ್ಲಿ ಯಾರ ಮ್ಯಾಲೂ ಹೊರೆ ಇಲ್ಲ. ಆದ್ರ ಅದರ ಮುಂದ ಮೈ, ಯುವರ್, ಹಿಸ್ ಅಂತ ಯಾರದರ ಹೆಸರು ಹತ್ತಿದ ಕೂಡಲೇ ಅರ್ಥ ತಿರಗತೈತಿ. "ಮೈ ಫಾಲ್ಟ್" ಅಂದ್ರ ನನ್ನ ಕಡೆಯಿಂದ ಒಂದು ಎಡವಟ್ಟಾತು ಅಂತಲ್ಲ, ಇದರ ಹೊಣಿ ನಂದು, ನಷ್ಟ ನಾನ ತುಂಬಬೇಕಾದಾಂವ ಅಂತ. "ಮೈ ಮಿಸ್ಟೇಕ್" ಅಂದ್ರ ನಾನು ತಪ್ಪ ತಿಳಕೊಂಡೆ ಅಂತ, ಅದರಾಗ ಹೊಣಿ ಇರಬಹುದು ಇಲ್ಲದಿರಬಹುದು. ಕಾಯಿದೆದಾಗ ವಾಹನ ಅಪಘಾತಕ್ಕ ನೋ ಫಾಲ್ಟ್ ಲಯಬಿಲಿಟಿ ಅಂತ ಒಂದು ಮಾತು ಐತಿ, ಅಂದ್ರ ಹೊಣಿ ಯಾರದು ಅಂತ ಸಾಬೀತು ಮಾಡೂದು ಬ್ಯಾಡ, ಪರಿಹಾರ ಕೊಡ್ರಿ ಅಂತ. ಫಾಲ್ಟ್ ಅನ್ನೂದು ಸಾಬೀತಾಗಬೇಕಾದ ವಸ್ತು ಅನ್ನೂದು ಅಲ್ಲೇ ಗೊತ್ತಾಗತೈತಿ. ಟೆನಿಸ್‌ನಾಗೂ ಅಷ್ಟ, ಆಟದ ನಡಕ ಹೊಡತ ತಪ್ಪಿದ್ರ ಎರರ್ ಅಂತಾರ, ಸರ್ವಿಸ್ ತಪ್ಪಿದ್ರ ಫಾಲ್ಟ್ ಅಂತಾರ, ಯಾಕಂದ್ರ ಸರ್ವಿಸ್ ಪೂರ್ತಿ ಅವನ ಕೈಯಾಗ ಇರೋದು, ಎದುರಿನವರು ಅದಕ್ಕ ಅಡ್ಡ ಬಂದಿರೂದಿಲ್ಲ ಅಂತ ನಾನು ತಿಳಕೊಂಡೀನಿ.

ಡಿಫೆಕ್ಟ್ ಮತ್ತ ಫ್ಲಾ. ನಮ್ಮ ಕಡೆ ಎತ್ತಿನ ಸಂತ್ಯಾಗ ಐಬು ಅಂತಾರಲ್ಲ, ಅದು ಫ್ಲಾಕ್ಕ ಭಾಳ ಹತ್ರ. ಮಾಲಿನ ಮೈಯಾಗ, ಮನಶ್ಯಾನ ಸ್ವಭಾವದಾಗ, ಒಬ್ಬರ ವಾದದಾಗ ಒಳಗೊಳಗ ಇರೋ ಬಿರುಕು ಅದು. ಡಿಫೆಕ್ಟ್‌ಗೆ ಮಾತ್ರ ಒಂದು ಮಾಪು ಬೇಕು. ಇದಕ್ಕ ನಮ್ಮೂರಿನ ಉದಾಹರಣಿನ ಐತಿ, ಹುಬ್ಬಳ್ಳಿ ಬೆಂಗೇರಿಯೊಳಗಿನ ಖಾದಿ ಸಂಘದಾಗ ರಾಷ್ಟ್ರಧ್ವಜ ಮಾಡ್ತಾರ, ಬಿಐಎಸ್, ಅಂದ್ರ ಭಾರತೀಯ ಮಾನಕ ಸಂಸ್ಥೆಯ ಮಾನದಂಡದ ಪ್ರಕಾರ. ಉದ್ದ ಅಗಲ 3ಕ್ಕ 2 ಇರಬೇಕು, ಚಕ್ರಕ್ಕ 24 ಗೆರಿ ಇರಬೇಕು, ಬಟ್ಟಿ, ಬಣ್ಣ, ಹೊಲಿಗಿ ಎಲ್ಲಾದಕ್ಕೂ ಲೆಕ್ಕ ಐತಿ. ಅಲ್ಲಿ ತಿರಸ್ಕಾರ ಆದ ಬಟ್ಟಿ ನಮ್ಮ ಮನಿ ಕಿಟಕಿಗೆ ಪರದೆ ಹಾಕಿದ್ರ ಚಂದನ ಕಾಣಬಹುದು, ಯಾವ ದೋಷನೂ ಇರೂದಿಲ್ಲ. ಧ್ವಜದ ಮಾಪಿಗೆ ಹಿಡದಾಗಷ್ಟ ಅದು ಡಿಫೆಕ್ಟ್. ಬ್ಲಂಡರ್ ಬಗ್ಗೆ ಜಾಸ್ತಿ ಹೇಳೂದಿಲ್ಲ, ಮೊಬೈಲಿನ್ಯಾಗ ಚೆಸ್ ಆಡೋ ಹುಡುಗೂರಿಗೆ ನನಗಿಂತ ಚೊಲೋ ಗೊತ್ತೈತಿ, ಕೈಯಾಗಿನ ಆಟ ಕಳಕೊಳ್ಳೋವಂಥಾ ದೊಡ್ಡ ಪ್ರಮಾದ.

ಫೇಲ್ಯೂರ್ ಅಂದ್ರ ತಪ್ಪಲ್ಲ, ತಪ್ಪಿನ ಫಲ, ನಡಿಯಬೇಕಾದ್ದು ನಡೀದ ನಿಂತದ್ದು. ಹುಬ್ಬಳ್ಳಿ ರೇಲ್ವೆ ಊರು, ಇಲ್ಲಿ ಸಿಗ್ನಲ್ ಫೇಲ್ ಆಗೇತಿ, ಇಂಜಿನ್ ಫೇಲ್ ಆಗೇತಿ ಅನ್ನೋ ಮಾತು ಕೇಳಿ ಬೆಳದ ಮಂದಿ ಭಾಳ ಅದಾರ. ಸಿಗ್ನಲ್‌ನ ಕರೆಂಟ್ ಕಡಿದ್ರ ಅದರ ರಿಲೇ, ಅಂದ್ರ ಕರೆಂಟ್ ಎತ್ತಿ ಹಿಡಿಯೋ ಸ್ವಿಚ್, ತನ್ನ ಭಾರಕ್ಕ ತಾನ ಕೆಳಗ ಬಿದ್ದು ಕೆಂಪು ಆಗೋ ಹಂಗ ಕಟ್ಟಿರ್ತಾರ, ಅಂದ್ರ ಕೆಡೂದನ್ನ ತಪ್ಪಸಾಕ ಆಗೂದಿಲ್ಲ, ಕೆಟ್ರೂ ಜೀವ ಉಳಿಯೋ ಕಡೆಗೆ ಕೆಡಲಿ ಅಂತ. ಸಾಫ್ಟ್‌ವೇರ್‌ನವರು ಇದನ್ನ ಸರಪಳಿ ಮಾಡಿ ಹೇಳ್ತಾರ, ಮನಶ್ಯಾ ಮಾಡಿದ್ದು ಎರರ್, ಅದರಿಂದ ಪ್ರೋಗ್ರಾಮ್‌ನಾಗ ಕುಂತದ್ದು ಫಾಲ್ಟ್ ಅಥವಾ ಬಗ್, ಅದು ಓಡೋವಾಗ ಹೊರಗ ಕಂಡದ್ದು ಫೇಲ್ಯೂರ್. 1996ರ ಜೂನ್ 4ಕ್ಕ ಯೂರೋಪಿನ ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿಗೆ ಚೂರು ಚೂರು ಆತು. ಒಂದು ದೊಡ್ಡ ಅಂಕಿನ್ನ 32,767ರ ತನಕ ಅಷ್ಟ ಹಿಡಿಯೋ ಸಣ್ಣ ಖೋಲಿಗೆ ತುರಕಾಕ ಹೋಗಿ ಕಂಪ್ಯೂಟರ್ ಕೈಚೆಲ್ಲಿತ್ತು. ಆ ಪ್ರೋಗ್ರಾಮ್ ಹಳೇ ಏರಿಯಾನ್ 4ರದ್ದು, ಅದರಾಗ ಅಷ್ಟು ದೊಡ್ಡ ಅಂಕಿ ಬರತಿದ್ದಿಲ್ಲ, ಚೊಲೋ ನಡಿತಿತ್ತು. ಹೊಸ ರಾಕೆಟ್‌ನ ವೇಗಕ್ಕ ಅದು ಸಾಲದು ಅನ್ನೂದನ್ನ ಯಾರೂ ಪರೀಕ್ಷಾ ಮಾಡಿ ನೋಡಿರಲಿಲ್ಲ. ಇಲ್ಲಿ ಬರೇ ಯಾರ ತಪ್ಪು ಅಂತ ಕೇಳಿದ್ರ ಏನೂ ತಿಳಿಯೂದಿಲ್ಲ, ಎಲ್ಲಿ ತಪ್ಪಿತು ಅಂತ ಕೇಳಿದ್ರ ಒಂದೊಂದ ಗಂಟು ಬಿಚ್ಚತೈತಿ.

ನಮ್ಮ ಹುಡುಗನ ಬುಶ್‌ಗೂ ಹಂಗ ಕೇಳೋಣು. ಟೈಪ್ ಮಾಡಿದವರ ಕೈಯಾಗ ಆದದ್ದು ಸ್ಲಿಪ್. ಡ್ರಾಯಿಂಗ್‌ನಾಗ ಉಳದದ್ದು ಎರರ್. ಬುಶ್‌ನ ಮೈಯಾಗ ಬಂದದ್ದು ಡಿಫೆಕ್ಟ್. ಶಾಫ್ಟ್ ಅಲ್ಲಾಡಿದ್ದು ಫೇಲ್ಯೂರ್. ನಮ್ಮ ಹುಡುಗಂದು ಏನರ ಇದ್ರ, ಹಳೇ ಸ್ಯಾಂಪಲ್ ಜೋಡಿ ಹಿಡದು ನೋಡಲಿಲ್ಲ ಅನ್ನೋ ಒಂದು ಓವರ್‌ಸೈಟ್, ಕಣ್ತಪ್ಪು. ಫಾಲ್ಟ್ ಯಾರದು ಅನ್ನೂದು ಎಲ್ಲಾ ಕಾಗದ ಮುಂದಿಟ್ಟು ನೋಡಿ ಆಮ್ಯಾಲ ಹೇಳೋ ಮಾತು, ಅದನ್ನ ಇಂವ ಎಲ್ಲಾರಿಗಿಂತ ಮದಲ ತಾನ ತಲಿ ಮ್ಯಾಲ ಹೊತ್ತುಕೊಂಡ. "ದೇರ್ ವಾಸ್ ಆನ್ ಎರರ್ ಇನ್ ದಿ ಡ್ರಾಯಿಂಗ್, ಐ ಡಿಡ್ ನಾಟ್ ನೋಟಿಸ್ ಇಟ್" ಅಂತ ಬರದಿದ್ರ ಸುಳ್ಳೂ ಆಗತಿದ್ದಿಲ್ಲ, ಮರ್ಯಾದಿನೂ ಕಡಿಮಿ ಆಗತಿದ್ದಿಲ್ಲ.

ಮುಂದಿನ ಸಾಲಿನ್ಯಾಗ ಕುಂತಿದ್ದ ಒಬ್ಬರು ವಕೀಲರು ಇದಕ್ಕ ಒಂದು ಮಾತು ಕೂಡಿಸಿದ್ರು, ನನಗ ಭಾಳ ಉಪಯೋಗ ಆತು. 1908ರ ಸಿವಿಲ್ ಪ್ರೊಸೀಜರ್ ಕೋಡ್‌ನ 152ನೇ ಕಲಮಿನ್ಯಾಗ, ತೀರ್ಪಿನೊಳಗ ಬರವಣಿಗಿ ಇಲ್ಲಾ ಲೆಕ್ಕದ ಮಿಸ್ಟೇಕ್, ಕೈತಪ್ಪಿನ ಸ್ಲಿಪ್, ಏನರ ಬಿಟ್ಟು ಹೋಗಿ ಆದ ಎರರ್ ಇದ್ರ ಕೋರ್ಟ್ ಯಾವಾಗ ಬೇಕಾದ್ರೂ ತಿದ್ದಬಹುದು ಅಂತ ಐತಂತ. ಮೂರೂ ಶಬ್ದ ಒಂದ ವಾಕ್ಯದಾಗ, ಆದ್ರ ಫಾಲ್ಟ್ ಅನ್ನೂದು ಅಲ್ಲಿಲ್ಲ. ಜಡ್ಜ್ ಸಾಹೇಬರ ಕಾಗದದಾಗ ಆದ್ರ ತಿದ್ದುಪಡಿ, ಲೇತ್ ಹಿಡದ ಹುಡುಗನ ಕಾಗದದಾಗ ಆದ್ರ ಪಗಾರ ಕಟ್ ಅಂತ ಹಿಂದಿನಿಂದ ಯಾರೋ ಅಂದ್ರು, ಆ ಮಾತು ಎದಿಗೆ ತಾಕಿತು.

ಕಡೀಕ ಒಬ್ಬಾಕಿ ಪಿಯುಸಿ ಓದೋ ಹುಡುಗಿ ಎದ್ದು ನಿಂತು ಕೇಳಿದಳು, ಅಕ್ಕೋರ, ಹಂಗಾದ್ರ ಸಾರಿ ಅಂದ್ರೂ ಹೊಣಿ ಒಪ್ಪಿಕೊಂಡಂಗ ಆಗತೈತೇನ್ರಿ, ಅದನ್ನೂ ಬರೀಬಾರದೇನು ಅಂತ. ಇಲ್ಲವಾ, ಸಾರಿ ಅನ್ನೂದು ಹಳೇ ಇಂಗ್ಲಿಷ್‌ನಾಗ ನೋವು ಅನ್ನೋ ಶಬ್ದದಿಂದ ಬಂದದ್ದು, ಗಾಯಕ್ಕ ಸೋರ್ ಅಂತಾರಲ್ಲ, ಅದರ ಒಕ್ಕಲು. ಅದಕ್ಕ ಯಾರರ ಮನ್ಯಾಗ ಸಾವಾದಾಗನೂ ಸಾರಿ ಅಂತಾರ, ಸಾಯಿಸಿದವರು ತಾವು ಅಂತಲ್ಲ, ನಿಮ್ಮ ನೋವು ನನಗೂ ಆತು ಅಂತ. ಗಿರಾಕಿಗೆ ತ್ರಾಸ ಆತು, ಮಾಲು ಹಾಳಾತು, ನಮ್ಮ ಹುಡುಗಗ ಮನಸಿಗೆ ಬ್ಯಾಸರ ಆಗಿದ್ದು ಖರೆ, ಸಾರಿ ಅಂತ ಬರಿಲೇಬೇಕಾಗಿತ್ತು. ಆ ಮೇಲ್‌ನಾಗ ಸಾರಿ ಹಂಗ ಇಟ್ಟು ಅದರ ಹಿಂದಿನ ನಾಲ್ಕು ಶಬ್ದ ತಗದಿದ್ರ ಸಾಕಿತ್ತು ಅಂತ ಆಕಿಗೆ ಹೇಳಿದೆ.